ಅಳಿಲು ದಳಕ್ಕೊಬ್ಬ ಪಾಲುದಾರ

ಪೂರ್ವ ತಾಂಬರಂ
ಮದರಾಸು, 12 ಫೆಬ್ರವರಿ 2001

ಶ್ರೀಮತಿ ಜಯಲಕ್ಷ್ಮೀ ನಂಜುಂಡ ಅವರಿಗೆ,

ನಮಸ್ಕಾರ. ಇದು ಸ್ನೇಹದ ಕಾಗದವಲ್ಲ, ಕಚೇರಿ ಕಾಗದ. ಆದ್ದರಿಂದ ಜಬಲ್ಪುರದ ಚಳಿಯನ್ನಾಗಲಿ ನಿಮ್ಮ ಯಜಮಾನರ ಮಂಡಿನೋವನ್ನಾಗಲಿ ವಿಚಾರಿಸುತ್ತಿಲ್ಲ. ಏಳು ವರ್ಷ ವಿಚಾರಿಸದೆ ಇದ್ದವಳು ಈಗ ವಿಚಾರಿಸಿದರೆ ಮಂಡಿಗೂ ಅನುಮಾನ ಬಂದೀತು.

ವಿಷಯ ಇಷ್ಟು. 1983ರಲ್ಲಿ ನಾವಿಬ್ಬರು ಸೇರಿ ಕಟ್ಟಿದ ಅಳಿಲು ದಳ ಇನ್ನೂ ಉಸಿರಾಡುತ್ತಿದೆ. ಹತ್ತರಿಂದ ಹದಿನಾರು ವಯಸ್ಸಿನ ಮೂವತ್ತೊಂದು ಹುಡುಗಿಯರು ಪ್ರತಿ ಶನಿವಾರ ಕಾಲೋನಿಯ ಕ್ಷೇಮಾಭಿವೃದ್ಧಿ ಸಂಘದ ಹಾಲಿನಲ್ಲಿ ಸೇರುತ್ತಾರೆ. ಗಂಟು ಕಟ್ಟುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಡೇರೆ ಕಟ್ಟುವುದು ಕಲಿಯುತ್ತಾರೆ. ಕಟ್ಟದೆ ಉಳಿದಿರುವುದು ಬಾಡಿಗೆ ಒಂದೇ. ಹದಿನೆಂಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಈಗ ತಿರುಮಲ ಎಂಬುವರು ಸಂಘದ ಕಾರ್ಯದರ್ಶಿಯಾಗಿದ್ದಾರೆ. ಕಾರ್ಯ ಕಾಣದು, ದರ್ಶನ ಮಾತ್ರ ದಿನಾ ಆಗುತ್ತದೆ. ಹೋದ ವಾರ ನನ್ನನ್ನು ಕರೆಸಿ, "ಮೇಡಂ, ಫ್ರೀಯಾಗಿ ಕೊಟ್ಟು ಕೊಟ್ಟು ಹಾಲ್ ಸುವರೇ, ಗೋಡೆನೇ ಬಿದ್ದುಹೋಗ್ತಾ ಇದೆ. ಇನ್ಮೇಲೆ ಇದು ಸರಿಪಟ್ಟು ಬರಲ್ಲ. ನಿಮಗೆ ಗವರ್ಮೆಂಟ್ ಸಂಬಳ ಬರತ್ತಲ್ಲ, ಅದ್ರಲ್ಲಿ ಕೊಡಿ" ಎಂದರು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತೆ, ಅಳಿಲುಗಳಿಗೆ ಸರ್ಕಾರ ಸಂಬಳ ಕೊಡುವುದಿಲ್ಲ ಎಂದು ತಿಳಿಸಿದೆ. ಅವರು ನಂಬಲಿಲ್ಲ.

ಹಾಲಿಗೆ ಕಂಪ್ಯೂಟರ್ ಕ್ಲಾಸಿನವರು ಕಣ್ಣು ಹಾಕಿದ್ದಾರೆ. ಮೇ ತಿಂಗಳೊಳಗೆ ಯಾವುದಾದರೂ ಗೌರವಸ್ಥ ಸಂಸ್ಥೆಯೊಂದು ಮೂರು ವರ್ಷ ನಮ್ಮ ಬೆನ್ನಿಗೆ ನಿಲ್ಲುವುದಾಗಿ ಬರೆದುಕೊಟ್ಟರೆ ಹಾಲ್ ನಮಗೆ. ಇಲ್ಲವಾದರೆ ಜೂನ್‌ನಿಂದ ಕಂಪ್ಯೂಟರ್‌ಗೆ. ಹಾಲ್ ಹೋದರೆ ದಳವೂ ಹೋದಂತೆಯೇ. ನಾನಿರುವುದು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ. ಮೂವತ್ತೊಂದು ಜನ ಇಲ್ಲಿ ಕವಾಯತು ಮಾಡಿದರೆ ಕೆಳಗಿನ ಮನೆಯ ಫ್ಯಾನು ಸಾಂಬಾರಿಗೆ ಬೀಳುತ್ತದೆ.

ನಮ್ಮ ನಿಯಮಾವಳಿಯ ಪ್ರಕಾರ ಹೊರಗಿನವರೊಡನೆ ಯಾವ ಒಪ್ಪಂದಕ್ಕೂ ಸಂಸ್ಥಾಪಕರಿಬ್ಬರ ರುಜು ಬೇಕು. ಹಟ ಹಿಡಿದು ಆ ಕಲಮು ಸೇರಿಸಿದವರು ನೀವೇ. ನನಗೆ ಬೇಕಾಗಿರುವುದು ನಿಮ್ಮ ಸಹಿ, ಸಿಹಿ ಮಾತಲ್ಲ. ಕೋರಾ ಒಪ್ಪಂದ ಪತ್ರ ಲಗತ್ತಿಸಿದೆ.

ಇತಿ,
ಊರ್ಮಿಳಾ
(ಇಬ್ಬರು ಸಂಸ್ಥಾಪಕರಲ್ಲಿ ಊರು ಬಿಡದವಳು)


ಜಬಲ್ಪುರ
24 ಫೆಬ್ರವರಿ 2001

ಕುಮಾರಿ ಊರ್ಮಿಳಾ ಅವರಿಗೆ,

ಐವತ್ತೆರಡರ ಕುಮಾರಿಗೆ ಕಚೇರಿ ನಮಸ್ಕಾರ. ಕಾಗದದ ಮೇಲಿನ ಅಕ್ಷರ ನೋಡಿ ನಮ್ಮವರು, "ಯಾರೋ ಸತ್ತಿರಬೇಕು ಕಣೇ, ಊರ್ಮಿಳಾ ಬರೆದಿದ್ದಾರೆ" ಎಂದರು. ಇನ್ನೂ ಸತ್ತಿಲ್ಲ, ಮೇ ತಿಂಗಳವರೆಗೆ ಅವಕಾಶವಿದೆ ಎಂದು ಹೇಳಿದೆ. ನೀವು ವಿಚಾರಿಸದಿದ್ದರೂ ತಿಳಿಸುತ್ತೇನೆ, ಮಂಡಿನೋವು ಹಾಗೇ ಇದೆ. ಅದೊಂದು ನನ್ನ ಜೊತೆ ಮಾತು ಬಿಟ್ಟಿಲ್ಲ.

ಊರು ಬಿಟ್ಟವಳು ನಾನು, ಒಪ್ಪಿದೆ. ರೈಲ್ವೆಯವನ ಹೆಂಡತಿ. ಎಲ್ಲಿಗೆ ವರ್ಗ ಮಾಡಿದರೆ ಅಲ್ಲಿಗೆ ಗಂಟುಮೂಟೆ. ಆದರೆ ಸ್ಟೇಷನ್ನಿಗೆ ಬಾರದವರು ಯಾರು ಎಂಬುದೂ ನಿಯಮಾವಳಿಯಲ್ಲಿ ದಾಖಲಾಗಲಿ.

ನನ್ನ ಕಲಮು ನಿಮಗೆ ನೆನಪಿದೆ. ಅದರ ಪಕ್ಕದ ಕಲಮು? ದಳಕ್ಕೆ ಸಂಬಂಧಿಸಿದ ಯಾವ ನಿರ್ಧಾರವೂ ಹುಡುಗಿಯರ ಓಟಿನಿಂದಲೇ ಆಗಬೇಕು, ಒಬ್ಬೊಬ್ಬಳಿಗೆ ಒಂದು ಹುಣಿಸೆ ಬೀಜ, ದೊಡ್ಡವರಿಗೆ ಬೀಜವಿಲ್ಲ. 1994ರಲ್ಲಿ ಟಿ. ನಗರದ ಆಭರಣದಂಗಡಿಯ ನೆರವು ಪಡೆದು, ಬದಲಿಗೆ ಅವರ ಸಮಾರಂಭಗಳಲ್ಲಿ ಹುಡುಗಿಯರಿಂದ ಆರತಿ ತಟ್ಟೆ ಹಿಡಿಸೋಣವೇ ಎಂದು ನಾನು ಕೇಳಿದಾಗ ಹುಡುಗಿಯರು ಬೀಜ ಹಾಕಿದರು. ಬೇಕು ಎಂದವರೇ ಹೆಚ್ಚು. ನೀವು ಆ ಬೀಜಗಳನ್ನೆಲ್ಲ ಬಾಚಿ ಡಬ್ಬಿಗೆ ಸುರಿದು, "ಇದು ಮಕ್ಕಳು ತೀರ್ಮಾನ ಮಾಡೋ ವಿಷಯ ಅಲ್ಲ. ಜಯಾ ಇವರನ್ನ ತಟ್ಟೆ ಹಿಡಿಯೋ ಗೊಂಬೆ ಮಾಡ್ತಿದಾಳೆ" ಎಂದಿರಿ. ಎಲ್ಲರೆದುರು.

ಪಾಲುದಾರ ಯಾರೆಂದು ತಿಳಿಸಿ. ಗಂಡಿನ ಹೆಸರಿಲ್ಲದ ಲಗ್ನಪತ್ರಿಕೆಗೆ ನಾನು ರುಜು ಹಾಕುವುದಿಲ್ಲ.

ಇತಿ,
ಜಯಲಕ್ಷ್ಮೀ


ಪೂರ್ವ ತಾಂಬರಂ
19 ಮಾರ್ಚ್ 2001

ಜಯಲಕ್ಷ್ಮೀ,

'ಅವರಿಗೆ' ಬಿಟ್ಟಿದ್ದೇನೆ. ಕೋಪದಲ್ಲಿ ಬಹುವಚನ ಕೈಗೆ ಹತ್ತುವುದಿಲ್ಲ. ಕೋಪ ನಿನ್ನ ಮೇಲಲ್ಲ, ಸದ್ಯಕ್ಕೆ. ಲೋಕದ ಮೇಲೆ. ಒಂದು ತಿಂಗಳಿಂದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಎಲೆಕ್ಟ್ರಿಕ್ ಟ್ರೈನು, ಬಸ್ಸು, ಶೇರ್ ಆಟೋ ಹತ್ತಿ ದಾನಿಗಳನ್ನು ಹುಡುಕಿ ದಣಿದಿದ್ದೇನೆ. ಎಲ್ಲ ಕಡೆ ನಿಧಿ ಕೇಳಿದೆ, ಎಲ್ಲರೂ ನಿಧಾನ ಕೊಟ್ಟರು. ಹೆಸರು ಅಳಿಲು ದಳ ಹೋಗಿ ಅಳಲು ದಳವಾಗಿದೆ.

ಮೊದಲು ಒಂದು ಬ್ಯಾಂಕು. ಮ್ಯಾನೇಜರು ಮಾತು ಮುಗಿಯುವ ಮೊದಲೇ ಕಣ್ಣೊದ್ದೆ ಮಾಡಿಕೊಂಡು, ತಂದೆ ತಾಯಿ ಇಲ್ಲದ ಮಕ್ಕಳಿಗೆ ಏನಾದರೂ ಮಾಡಲೇಬೇಕು ಎಂದರು. ಇದ್ದಾರೆ ಸಾರ್, ಇಬ್ಬಿಬ್ಬರೂ ಇದ್ದಾರೆ ಎಂದೆ. ಕೇಳಿಸಲಿಲ್ಲ. ಶನಿವಾರ ಒಂದು ಮೂಟೆ ಅಕ್ಕಿ, ಫೋಟೋದವನ ಸಮೇತ ಬಂದರು. "ಸ್ವಲ್ಪ ಬಡವರ ಥರ ಕಾಣೋ ಮಕ್ಕಳನ್ನ ಮುಂದೆ ನಿಲ್ಲಿಸಿ" ಎಂದು ಫೋಟೋದವನು ಕೇಳಿಕೊಂಡ. ಮುಂದೆ ನಿಂತವಳು ನಿಖಿತಾ. ಅದೇ ಬ್ಯಾಂಕಿನ ಡೆಪ್ಯುಟಿ ಮ್ಯಾನೇಜರ್ ಮಗಳು. "ಅಂಕಲ್, ಅಪ್ಪಾವುಂ ವಂದಿರುಕ್ಕಾರಾ?" ಎಂದು ಅವಳು ಮ್ಯಾನೇಜರನ್ನೇ ವಿಚಾರಿಸಿದಳು, ಅಪ್ಪನೂ ಬಂದಿದ್ದಾರಾ ಅಂತ. ಅಕ್ಕಿ ಮೂಟೆ ವಾಪಸ್ ಕಾರಿಗೆ ಹೋಯಿತು.

ಪೋರೂರಿನಲ್ಲಿ ಹೊಸದಾಗಿ ತೆರೆಯುತ್ತಿದ್ದ ಒಂದು ಆಸ್ಪತ್ರೆ. ಪ್ರಥಮ ಚಿಕಿತ್ಸೆ ಕಲಿಸುವವರಲ್ಲವೇ, ಒಲಿದಾರೆಂದು ಹೋದೆ. ಅವರಿಗೆ ಬೇಕಾಗಿದ್ದದ್ದು ಉದ್ಘಾಟನೆಗೆ ಪನ್ನೀರು ಚಿಮುಕಿಸಲು ಹನ್ನೆರಡು ಹುಡುಗಿಯರು. "ಯೂನಿಫಾರ್ಮ್ ಬೇಡ ಮೇಡಂ, ಪಟ್ಟುಪಾವಾಡೈ ಹಾಕಿಸಿ." ರೇಷ್ಮೆ ಲಂಗ ಹಾಕಿಕೊಂಡು ಗಾಯಕ್ಕೆ ಪಟ್ಟಿ ಕಟ್ಟುವುದನ್ನು ನಾವಿನ್ನೂ ಅಭ್ಯಾಸ ಮಾಡಿಲ್ಲ ಎಂದು ಎದ್ದುಬಂದೆ.

ಆಮೇಲೆ ಶೋಳಿಂಗನಲ್ಲೂರಿನ ಒಂದು ಸಾಫ್ಟ್‌ವೇರ್ ಆಫೀಸು. ನನ್ನ ಚಪ್ಪಲಿಗಿಂತ ಚಿಕ್ಕ ವಯಸ್ಸಿನವನೊಬ್ಬ ನಮ್ಮ 'ಔಟ್‌ಪುಟ್' ಏನು ಎಂದು ಕೇಳಿದ. ವರ್ಷಕ್ಕೆ ಎಷ್ಟು ಹುಡುಗಿಯರು 'ರೆಡಿ' ಆಗುತ್ತಾರೆ ಅಂತ. ನಮ್ಮದು ಹಪ್ಪಳದ ಮಹಿಳಾ ಸಮಾಜ ಅಲ್ಲಪ್ಪ ಎಂದೆ. ಅವನು ಅದನ್ನೂ ಬರೆದುಕೊಂಡ.

ಕಾಲೋನಿಯ ಕಥೆ ಬೇರೆ. ಎದುರು ಬೀದಿಯವರ ಪ್ರಕಾರ ನಾವು ಮಕ್ಕಳಿಗೆ ಮತ ಬದಲಿಸುತ್ತೇವೆ. ಹಿಂದಿನ ಬೀದಿಯವರ ಪ್ರಕಾರ ಭಜನೆ ಹೇಳಿಸುತ್ತೇವೆ. ಮೂಲೆ ಮನೆಯ ಹಿರಿಯರೊಬ್ಬರು ಅಂಗಡಿಯಲ್ಲಿ ಸಿಕ್ಕಿ, "ನಿಮ್ಮ ದಳಕ್ಕೆ ಸೇರಿದ್ರೆ ಮಿಲಿಟರಿಗೆ ಕಡ್ಡಾಯವಾಗಿ ಹೋಗ್ಬೇಕಂತೆ, ಬಾಂಡ್ ಬರೆಸ್ಕೋತಾರಂತೆ" ಎಂದರು. ಹುಡುಗಿಯರು ವಾರಕ್ಕೆ ಮೂರು ಗಂಟೆ ಅಡಿಗೆಮನೆಯಿಂದ ಹೊರಗಿರುವುದಕ್ಕೆ ಇಷ್ಟು ದೊಡ್ಡ ಕಾರಣ ಬೇಕೇ?

ಕಡೆಗೆ ಒಬ್ಬರು ತಾವಾಗಿಯೇ ಬಂದರು. ರಾಘವೇಂದ್ರ ಅಂತ. 'ಶುಭಸಂಗಮ' ಎಂಬ ವಧೂವರ ಕೇಂದ್ರ, ಈಗ ಕಂಪ್ಯೂಟರಿನಲ್ಲೂ ನಡೆಸುತ್ತಾರಂತೆ. ಬಾಡಿಗೆ, ಡೇರೆ, ಬೇಸಿಗೆ ಶಿಬಿರ ಎಲ್ಲ ಅವರದ್ದೇ. ಬದಲಿಗೆ ನಮ್ಮ ಹುಡುಗಿಯರ ಹೆಸರು, ನಕ್ಷತ್ರ, ಒಂದೊಂದು ಫೋಟೋ ಮಾತ್ರ ಸಾಕು. "ಹನ್ನೊಂದು ವರ್ಷದ ಮಕ್ಕಳು ಸಾರ್" ಎಂದೆ. "ಗೊತ್ತು ಮೇಡಂ. ನಾವೇನು ನಾಳೆನೇ ಮಾಡ್ತೀವಾ? ಏಳೆಂಟು ವರ್ಷ ಕಾಯ್ತೀವಿ. ಡಾಟಾ ಕೆಟ್ಟುಹೋಗಲ್ಲ" ಎಂದು ನಕ್ಕರು. ಇಂಥವರು ಪ್ರಾಯೋಜಕರಲ್ಲ ಜಯಾ, ಪ್ರಾಯ ನೋಡುವ ಯೋಜಕರು. ತಿರುಮಲ ಅವರಿಗೆ ಮಾತ್ರ ಬಹಳ ಹಿಡಿಸಿದೆ. "ಗೌರವಸ್ಥರು. ಎಷ್ಟು ನಲ್ಲ ಮನುಷ, ಒಳ್ಳೆ ಜನ" ಎನ್ನುತ್ತಾರೆ.

ಈಗ ಕೈಯಲ್ಲಿರುವ ಏಕೈಕ ಗಂಡು ಇದು. ಏನು ಮಾಡಲಿ ಎಂದು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಊರ್ಮಿಳಾ


ಜಬಲ್ಪುರ
2 ಏಪ್ರಿಲ್ 2001

ಊರ್ಮಿ,

ಫೋಟೋದವನ ಭಾಗವನ್ನು ಎರಡು ಸಲ ಓದಿದೆ. ನಮ್ಮವರಿಗೂ ಓದಿ ಹೇಳಿದೆ. ಮಂಡಿಯವರೆಗೆ ನಕ್ಕರು, ಅಲ್ಲಿಂದ ಕೆಳಗೆ ನಗಲಾಗುವುದಿಲ್ಲ.

ಏನು ಮಾಡಲಿ ಎಂದು ನೀನು ಕೇಳಿಲ್ಲ. ಆದ್ದರಿಂದ ಹೇಳುತ್ತೇನೆ. ನಮ್ಮ ಪಕ್ಕದ ಕ್ವಾರ್ಟರ್ಸಿನವರ ಸೊಸೆ ಮಧುರಾ ನಮ್ಮ ಕಡೆಯ ಹುಡುಗಿ, ಮದರಾಸಿನಲ್ಲೇ 'ಮೃದುಲಾ' ಎಂಬ ಹೊಸ ಕಂಪನಿಯಲ್ಲಿದ್ದಾಳೆ. ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಹೊರಗಾದಾಗ ಇಟ್ಟುಕೊಳ್ಳುವ ಪ್ಯಾಡ್ ತಯಾರಿಸುತ್ತಾರೆ. ಹುಡುಗಿಯರ ಸಂಸ್ಥೆಗಳ ಜೊತೆ ಕೈಜೋಡಿಸಬೇಕೆಂದು ಹುಡುಕುತ್ತಿದ್ದಾರಂತೆ, ಯಾವ ಸಂಸ್ಥೆಯೂ ಬಾಗಿಲು ತೆಗೆಯುತ್ತಿಲ್ಲವಂತೆ. ಅವರು ಕೇಳುವುದು ಎರಡೇ. ತಿಂಗಳಿಗೊಂದು ದಿನ ಒಬ್ಬ ಲೇಡಿ ಡಾಕ್ಟರ್ ಬಂದು ಹುಡುಗಿಯರ ಜೊತೆ ಮಾತಾಡಬೇಕು, ಹೊರಗಡೆ ಬೀದಿಗೆ ಕಾಣುವಂತೆ ಅವರದ್ದೊಂದು ಬೋರ್ಡು ಇರಬೇಕು. ಹುಡುಗಿಯರ ಹೆಸರು ಬೇಡ, ನಕ್ಷತ್ರವಂತೂ ಬೇಡವೇ ಬೇಡ.

ಮುಖ ಸಿಂಡರಿಸಿದೆಯಾ? ಕಾಣಿಸುತ್ತಿದೆ.

ಒಪ್ಪಂದ ಪತ್ರಕ್ಕೆ ರುಜು ಹಾಕಿ ಕಳಿಸುತ್ತಿದ್ದೇನೆ. ಪಾಲುದಾರನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಹೋದ ಸಲ ಹಾಕುವುದಿಲ್ಲ ಎಂದವಳು ಈ ಸಲ ಹಾಕಿದ್ದೇಕೆ ಎಂದರೆ, ಬರೆಯಬೇಕಾದವರು ನಾನೂ ಅಲ್ಲ, ನೀನೂ ಅಲ್ಲ. ಶುಭಸಂಗಮದವರು, ಮೃದುಲಾದವರು ಇಬ್ಬರೂ ಬಂದು ಹುಡುಗಿಯರ ಮುಂದೆ ಮಾತಾಡಲಿ. ಬೀಜ ಹಂಚು. ಈ ಸಲ ಎಣಿಸು. ಎಣಿಸಿದ ಮೇಲೆ ಬಂದ ಹೆಸರನ್ನು ಬರೆ. ಷರತ್ತು ಅಷ್ಟೇ.

ಜಯಾ


ಪೂರ್ವ ತಾಂಬರಂ
11 ಏಪ್ರಿಲ್ 2001

ಜಯಾ,

ಕಾರ್ಡಿನಲ್ಲಿ ಎರಡು ಸಾಲು ಬರೆಯೋಣವೆಂದಿದ್ದೆ. ಆದರೆ ನಿನ್ನ ವಿಷಯ ಕಾರ್ಡಿನಲ್ಲಿ ಬರೆಯುವಂಥದ್ದಲ್ಲ, ಪೋಸ್ಟ್‌ಮ್ಯಾನ್ ಓದುತ್ತಾನೆ. ಆದ್ದರಿಂದ ಇನ್‌ಲ್ಯಾಂಡ್ ದಂಡ.

ಹದಿನೆಂಟು ವರ್ಷ ನಾನು ಜನರಿಗೆ ತಿಳಿಹೇಳಿದ್ದೇನೆ. ಇದು ಅನಾಥಾಲಯವಲ್ಲ, ಡ್ಯಾನ್ಸ್ ಕ್ಲಾಸಲ್ಲ, ಮಿಲಿಟರಿಯಲ್ಲ, ಮದುವೆ ದಲ್ಲಾಳಿಯಲ್ಲ ಅಂತ. ಇನ್ನು ಮುಂದೆ ಅಂಗಡಿಯಲ್ಲಿ ಆ ಮೂಲೆ ಮನೆಯವರು ಬೋರ್ಡ್ ತೋರಿಸಿ ಇದೇನು ಎಂದರೆ ಏನು ಹೇಳಲಿ? ಇದೂ ಒಂದು ಹಳೇ ಸೇಡೇ ಜಯಾ? ತಟ್ಟೆ ಹಿಡಿಸಬೇಡ ಎಂದವಳಿಗೆ ಇದನ್ನು ಹಿಡಿಸುವುದೇ?

ಓಟು ಹಾಕಿಸುತ್ತೇನೆ, ಅದು ನಿಯಮ. ಆದರೆ ಮೂರನೆಯ ಲೋಟವೊಂದನ್ನು ಇಡುತ್ತೇನೆ, ಇಬ್ಬರೂ ಬೇಡ ಎಂಬುದಕ್ಕೆ. ನಮ್ಮ ಹುಡುಗಿಯರಿಗೆ ಮರ್ಯಾದೆ ಗೊತ್ತು. ಹಾಲ್ ಹೋದರೆ ಬೇವಿನ ಮರದ ಕೆಳಗೆ ಸೇರುತ್ತೇವೆ.

ಊರ್ಮಿಳಾ


ಪೂರ್ವ ತಾಂಬರಂ
30 ಏಪ್ರಿಲ್ 2001

ಜಯಾ,

ಶನಿವಾರ ಓಟು ಆಯಿತು. ನಿನ್ನೆಯೇ ಬರೆಯಬೇಕೆಂದು ಕೂತೆ, ಆಗಲಿಲ್ಲ.

ರಾಘವೇಂದ್ರ ಅವರು ಮೊದಲು ಮಾತಾಡಿದರು. ಎಲ್ಲರಿಗೂ ದೇವರ ಚಿತ್ರದ ಕ್ಯಾಲೆಂಡರ್ ಹಂಚಿದರು. ಆಮೇಲೆ ನಿನ್ನ ಮಧುರಾ. ಚೂಡಿದಾರ್ ಹಾಕಿದ ಸಣ್ಣ ಹುಡುಗಿ, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ನಡುಗದೆ, ನಾಚದೆ, ಹಲ್ಲುಜ್ಜುವ ವಿಷಯ ಹೇಳಿದ ಹಾಗೆ ಎಲ್ಲ ಹೇಳಿದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ತಿರುಮಲ ಅವರ ಸ್ಕೂಟರ್ ಬಿಟ್ಟರೆ.

ಅವರಿಬ್ಬರೂ ಹೊರಗೆ ಹೋದ ಮೇಲೆ ನಾನು ಎರಡು ಮಾತು ಹೇಳಿದೆ. ಹೇಳಬಾರದಿತ್ತು, ನಿಯಮವಿಲ್ಲ. "ಮೃದುಲಾದವರು ಒಳ್ಳೆಯವರೇ. ಆದರೆ ನಮ್ಮ ಹಾಲ್ ಮೇಲೆ ಅಂಥ ಬೋರ್ಡು ಇದ್ದರೆ ನಿಮ್ಮ ಮನೆಯವರು ಕಳಿಸ್ತಾರಾ, ಯೋಚನೆ ಮಾಡಿ. ಈಗಲೇ ಹನ್ನೆರಡು ಹದಿಮೂರಾಗುತ್ತಲೇ ಎಷ್ಟೋ ಜನ ಬರೋದು ನಿಲ್ಲಿಸ್ತೀರಿ" ಅಂದೆ.

ಆಗ ಅನು ಎದ್ದು ನಿಂತಳು. ಹದಿಮೂರು ವರ್ಷ, ಲೀಲಮ್ಮ ಎಂಬುವರ ಮಗಳು. ಲೀಲಮ್ಮನ ಗಂಡ ಸಂಘದ ಕಮಿಟಿಯಲ್ಲಿದ್ದಾರೆ.

"ಮಿಸ್, ಹೋದ್ ತಿಂಗಳು ನಾನು ಬರ್ಲಿಲ್ಲ ಅಲ್ವಾ, ಜ್ವರ ಅಂತ ಕಾರಣ ಹೇಳ್ದೆ. ಜ್ವರ ಇರ್ಲಿಲ್ಲ."

"ಅದರ ಹಿಂದಿನ ತಿಂಗಳು?"

"ಅದೂ ಜ್ವರ ಇಲ್ಲ ಮಿಸ್."

"ನಂಗೂ ಇರ್ಲಿಲ್ಲ" ಎಂದಳು ನಿಖಿತಾ, ಕೂತಲ್ಲಿಂದಲೇ.

ಹಿಂದಿನ ಸಾಲಿನಿಂದ ಇನ್ನೊಂದು ದನಿ, "ಎಂಗ ಅಕ್ಕಾವುಕ್ಕುಂ ಇಲ್ಲ ಮಿಸ್." ಅವಳ ಅಕ್ಕನಿಗೂ ಇರಲಿಲ್ಲವಂತೆ, ಎರಡು ವರ್ಷದ ಹಿಂದೆ ದಳ ಬಿಟ್ಟವಳು.

ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಒಂದು ಶನಿವಾರ ತಪ್ಪಿಸಿದವಳು ಮುಂದಿನ ಶನಿವಾರ ಬಾವುಟದ ಕೆಳಗೆ ನಿಂತು ಎಲ್ಲರಿಗೂ ಕೇಳುವಂತೆ ಕಾರಣ ಹೇಳಬೇಕು. ಕಾರಣವಿಲ್ಲದೆ ಮೂರು ಸಲ ತಪ್ಪಿಸಿದರೆ ಅಳಿಲಿನ ಬ್ಯಾಡ್ಜ್ ವಾಪಸ್. ಬಂದವರೆದುರು ಎಷ್ಟು ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ, ನಮ್ಮ ಹುಡುಗಿಯರು ಹಿಂಜರಿಯುವುದಿಲ್ಲ, ನೆಟ್ಟಗೆ ನಿಂತು ಮಾತಾಡುತ್ತಾರೆ ಅಂತ.

"ಎಲ್ಲರ ಮುಂದೆ ನಿಂತ್ಕೊಂಡು ಅದನ್ನ ಎಪ್ಪಡಿ ಮಿಸ್ ಸೊಲ್ರದು, ಹೆಂಗೆ ಹೇಳೋದು?" ಎಂದಳು ಅನು. "ಎಷ್ಟು ಸಲ ಅಂತ ಜ್ವರ ಅನ್ನೋದು? ಹಾಲ್ ಕಕ್ಕಸ್ಸಿಗೆ ಚಿಲಕ ಬೇರೆ ಇಲ್ಲ. ಹೊರಗೆ ಒಬ್ಬಳು ಬಾಗಿಲು ಹಿಡ್ಕೊಂಡು ನಿಂತಿರ್ಬೇಕು. ಆ ದಿನಗಳಲ್ಲಿ ಹೆಂಗೆ ಬರೋದು? ನೀವು ಬ್ಯಾಡ್ಜ್ ಕಿತ್ಕೊಳೋಕೆ ಮುಂಚೆ ನಾವೇ ನಿಂತ್ಬಿಡ್ತೀವಿ."

ನನ್ನ ಬಾಯಿಗೆ ಒಂದು ತಮಾಷೆಯೂ ಬರಲಿಲ್ಲ ಜಯಾ. ಐವತ್ತೆರಡು ವರ್ಷದಲ್ಲಿ ಅದು ಮೊದಲ ಸಲ.

ಬೀಜ ಹಾಕಿದರು. ಮೂರು ಸ್ಟೀಲ್ ಲೋಟ, ಮೇಲೆ ಬಟ್ಟೆ. ಮೃದುಲಾ ಹತ್ತೊಂಬತ್ತು, ಇಬ್ಬರೂ ಬೇಡ ಒಂಬತ್ತು, ಶುಭಸಂಗಮ ಮೂರು. ಆ ಮೂವರು ಯಾರೆಂದು ಕೇಳಲಿಲ್ಲ, ಕ್ಯಾಲೆಂಡರ್ ಹಿಡಿಸಿರಬೇಕು. ಈ ಸಲ ಎಣಿಸಿದೆ. ಎರಡು ಸಲ.

ಮನೆಗೆ ಬಂದು ಹಳೇ ಹಾಜರಿ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಹನ್ನೆರಡು, ಹದಿಮೂರರ ಹೆಸರುಗಳ ಎದುರು ನನ್ನದೇ ಅಕ್ಷರದಲ್ಲಿ 'ಆಸಕ್ತಿ ಇಲ್ಲ' ಎಂದು ಬರೆದಿದೆ. ಒಂದರ ಕೆಳಗೊಂದು. ಗುಂಡಗೆ, ಅಚ್ಚುಕಟ್ಟಾಗಿ.

ಭಾನುವಾರ ಬೆಳಿಗ್ಗೆಯೇ ಲೀಲಮ್ಮ ಬಂದರು. ಕಾಫಿ ಕುಡಿಯಲಿಲ್ಲ, ಕೂರಲೂ ಇಲ್ಲ. "ನನ್ನ ಮಗಳ ಬಾಯಲ್ಲಿ ಸಭೆಯೊಳಗೆ ಅಂಥ ಮಾತಾಡಿಸಿದ್ದೀರಲ್ಲ, ನಿಮಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು ಊರ್ಮಿಳಾ ಅವ್ರೇ. ಇನ್ಮೇಲೆ ಅವಳು ಬರಲ್ಲ" ಎಂದು ಮೆಟ್ಟಿಲಿಳಿದು ಹೋದರು. ಮಾತಾಡಿಸಿದ್ದು ನಾನಲ್ಲ ಎಂದು ಹೇಳಲಿಲ್ಲ. ಹದಿನೆಂಟು ವರ್ಷ ಮಾತಾಡದ ಹಾಗೆ ನೋಡಿಕೊಂಡವಳು ನಾನು.

ಇನ್ನೂ ಐದಾರು ಮನೆಯವರು ಕಳಿಸುವುದಿಲ್ಲ ಎಂದಿದ್ದಾರೆ. ಮೇ ಇಪ್ಪತ್ತೇಳಕ್ಕೆ ಸಂಘದ ಸಭೆ. ನಿನ್ನ ರುಜು ಹಾಕಿದ ಕಾಗದ ಬ್ಯಾಗಿನಲ್ಲಿದೆ. ಹೆಸರು ಇನ್ನೂ ಬರೆದಿಲ್ಲ. ಯಾಕೆಂದು ಕೇಳಬೇಡ.

ಊರ್ಮಿ


ಜಬಲ್ಪುರ
8 ಮೇ 2001

ಊರ್ಮಿ,

ಬಾವುಟದ ಕೆಳಗೆ ನಿಂತು ಕಾರಣ ಹೇಳುವ ಪದ್ಧತಿ ಮಾಡಿದ್ದು ನೀನಲ್ಲ, ನಾನು. 1984ರ ದಸರಾ ರಜೆ ಮುಗಿದ ಮೇಲೆ. ನೀನು, "ಪಾಪ, ಚಿಕ್ಕ ಮಕ್ಕಳು ಕಣೇ, ಬೇಡ" ಎಂದಿದ್ದೆ. ನಾನು ಕೇಳಲಿಲ್ಲ. ನಿನ್ನ ಕಾಗದದಲ್ಲಿ ಆ ಮಾತು ಇರಲಿಲ್ಲ. ಮರೆತಿದ್ದೀಯೋ ಬಿಟ್ಟಿದ್ದೀಯೋ ತಿಳಿಯಲಿಲ್ಲ.

ಬೀಜದ ಕಲಮು ಹಿಡಿದು ಏಳು ವರ್ಷ ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಈ ಕಲಮನ್ನು ಯಾರ ಮೇಲೆ ಹಿಡಿಯಲಿ?

ನಾವಿಬ್ಬರೂ ಒಂದು ಕಾಲಕ್ಕೆ ಹದಿಮೂರರವರೇ ಆಗಿದ್ದೆವಲ್ಲ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ತಿಂಗಳಿಗೊಮ್ಮೆ ನೀನು ನನ್ನ ಬಟ್ಟೆ ಒಣಗಿಸಲು ಜಾಗ ಹುಡುಕುತ್ತಿದ್ದೆ, ಮೇಲೆ ಟವೆಲ್ ಮುಚ್ಚಿ. ಇಷ್ಟೆಲ್ಲ ಗೊತ್ತಿದ್ದವರಿಗೆ ಅದು ಹೇಗೆ ಹೊಳೆಯಲಿಲ್ಲ?

ಸಭೆಯಲ್ಲಿ ಹತ್ತಿ ಗಿತ್ತಿ ಎಂದು ಸುತ್ತಿ ಬಳಸಬೇಡ. ಹೆಸರಿಟ್ಟು ಹೇಳು.

ಜಯಾ


ಪೂರ್ವ ತಾಂಬರಂ
4 ಜೂನ್ 2001

ಪ್ರೀತಿಯ ಜಯಾ,

ಹಾಲ್ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀನು ಕೊನೆಯ ಪುಟ ಮೊದಲು ಓದುತ್ತೀ. ಹೋದದ್ದು ಹೇಗೆಂಬುದನ್ನು ನಿಧಾನವಾಗಿ ಓದು.

ಸಭೆಗೆ ಕಮಿಟಿಯ ಹದಿನಾಲ್ಕು ಗಂಡಸರು ಬಂದಿದ್ದರು. ಹಿಂದಿನ ಬೆಂಚುಗಳಲ್ಲಿ ಅವರ ಮನೆಯವರು, ಬೋಂಡಾ ಬರುತ್ತದೆಂಬ ಭರವಸೆಯಲ್ಲಿ. ತಿರುಮಲ ಅವರು ಕಾರ್ಯಸೂಚಿ ಓದಿದರು: "ಅಳಿಲು ದಳದವರು ಹತ್ತಿ ಉತ್ಪನ್ನದ ಕಂಪನಿಯೊಂದರ ಜೊತೆ ಸೇರಿಕೊಳ್ಳುವ ಬಗ್ಗೆ." ನಾನು ಕೊಟ್ಟ ಅರ್ಜಿಯಲ್ಲಿ ಹಾಗಿರಲಿಲ್ಲ, ನಿನ್ನಾಣೆ.

ಮುಂದಿನ ಸಾಲಿನವರೊಬ್ಬರು ಕುತೂಹಲದಿಂದ, "ಹತ್ತಿ ಅಂದ್ರೆ ಬನಿಯನ್ನಾ?" ಎಂದರು.

ನಾನು ಎದ್ದೆ. "ಅಲ್ಲ ಸಾರ್. ಹೆಣ್ಣುಮಕ್ಕಳು ಮುಟ್ಟಾದಾಗ ಇಟ್ಟುಕೊಳ್ಳೋ ಪ್ಯಾಡ್. ಮೃದುಲಾ ಅಂತ ಹೆಸರು" ಎಂದೆ.

ಬನಿಯನ್ನಿನವರು ತಮ್ಮ ಚಪ್ಪಲಿ ನೋಡಿಕೊಂಡರು.

"ಮೇಡಂ, ಮೇಡಂ" ಎಂದರು ತಿರುಮಲ, ದನಿ ತಗ್ಗಿಸಿ. "ಲೇಡೀಸ್ ಇದ್ದಾರೆ."

"ಅವರಿಗೆ ಗೊತ್ತಿರೋ ವಿಷಯವೇ ಸಾರ್."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ನಗುವನ್ನು ಕೆಮ್ಮು ಮಾಡಿದ್ದು.

ತಿರುಮಲ ಕೆಟ್ಟವರಲ್ಲ, ನಿಜಕ್ಕೂ ಹಾಲ್ ಉಳಿಸಿಕೊಡಬೇಕೆಂದೇ ಇದ್ದರು. ನನ್ನ ಪಕ್ಕಕ್ಕೆ ಬಂದು, "ಯಾಕೆ ಮೇಡಂ ಈ ತೊಂದರೆ? ರಾಘವೇಂದ್ರ ಅವ್ರು ಹೊರಗೆ ಕಾಯ್ತಾ ಇದ್ದಾರೆ. ಆ ಜಾಗದಲ್ಲಿ ಅವ್ರ ಹೆಸರು ಬರೆದುಬಿಡಿ, ಈಗ್ಲೇ ಪಾಸ್ ಮಾಡ್ತೀನಿ. ಮೂರು ವರ್ಷ ಹಾಲ್ ನಿಮ್ಮದೇ" ಎಂದರು.

ಕಾಗದ ನನ್ನ ಕೈಯಲ್ಲಿತ್ತು. ಕೆಳಗೆ ನಿನ್ನ ರುಜು, ಮೇಲೆ ಖಾಲಿ ಗೆರೆ. ಒಂದು ಹೆಸರು ಬರೆದರೆ ಹಾಲ್ ಇದೆ, ದಳ ಇದೆ. ಜಬಲ್ಪುರ ದೂರ, ನಿನಗೆ ತಿಳಿಯುವ ಹೊತ್ತಿಗೆ ಮೂರು ವರ್ಷವೂ ಮುಗಿದಿರುತ್ತದೆ. ಹೌದು, ಯೋಚಿಸಿದೆ. ಸಾಧುಸಂತರ ಪೈಕಿಯವಳೇನೂ ಅಲ್ಲ ನಾನು. ಏಪ್ರಿಲ್‌ನಿಂದ ಆ ಗೆರೆಯನ್ನು ಖಾಲಿ ಬಿಟ್ಟದ್ದೇ ಅದಕ್ಕೆ. ಪೆನ್ನು ತೆಗೆದು 'ಮೃದುಲಾ' ಎಂದು ಬರೆದು ಅವರ ಕೈಗೆ ಕೊಟ್ಟೆ. ಅಕ್ಷರ ಸೊಟ್ಟಗಿದೆ, ಕ್ಷಮಿಸು.

ಅವರು ನಿಟ್ಟುಸಿರು ಬಿಟ್ಟು ವೇದಿಕೆಗೆ ಹೋಗಿ ಆಕ್ಷೇಪಣೆಗಳನ್ನು ಓದತೊಡಗಿದರು. ಹಾಲಿನ ಘನತೆ, ಕಾಲೋನಿಯ ಸಂಸ್ಕೃತಿ, ಇತ್ಯಾದಿ. "ಮುಖ್ಯವಾಗಿ, ಈ ಕಂಪನಿಯ ವಿಷಯದಿಂದ ನೊಂದು ಪೋಷಕರು ಮಕ್ಕಳನ್ನು ಬಿಡಿಸಿರುತ್ತಾರೆ. ಉದಾಹರಣೆಗೆ, ಕುಮಾರಿ ಅನು, ವಯಸ್ಸು ಹದಿಮೂರು, ಈಕೆಯು ತನ್ನ ಮಾಸಿಕ…" ಎಂದು ಓದಿ, ಮುಂದಿನ ಪದದ ಎದುರು ನಿಂತುಬಿಟ್ಟರು. ಬರೆದವರು ಅವರೇ, ಓದಲು ಮಾತ್ರ ಆಗಲಿಲ್ಲ.

ಹಿಂದಿನ ಬೆಂಚು ಕಿರ್ರೆಂದಿತು. ಲೀಲಮ್ಮ ಎದ್ದಿದ್ದರು.

"ಅದನ್ನ ಇಲ್ಲಿ ಕೊಡಿ."

"ಅಮ್ಮಾ, ಇದು ಸಂಘದ ದಾಖಲೆ…"

"ದಾಖಲೆನಾ? ಈ ಹಾಲಲ್ಲಿ ಆ ಮಾತು ಹೇಳ್ಬಾರ್ದಂತೆ, ನನ್ನ ಮಗಳ ಹೆಸರು ಹೇಳ್ಬೋದಂತೆ." ಗಂಡನ ಕಡೆ ತಿರುಗಿದರು. "ನೀವು ಕಮಿಟೀಲಿ ಕೂತ್ಕೊಂಡು ಬರೆಸಿದ್ದು ಇದೇನಾ? ಬೋಂಡಾ ತಿನ್ನಿ. ರಾತ್ರಿ ಊಟಾನೂ ಅದೇ."

ಹೊರಟುಹೋದರು. ಓಟಾಯಿತು. ಬೀಜವಿಲ್ಲದ ಓಟು, ಕೈ ಎತ್ತುವುದು ಅಷ್ಟೇ. ಒಂಬತ್ತು ಕೈ ನಮ್ಮ ವಿರುದ್ಧ ಎದ್ದವು, ನಾಲ್ಕು ನಮ್ಮ ಪರ. ಅನು ಅಪ್ಪನ ಕೈ ಮಾತ್ರ ತೊಡೆಯ ಮೇಲೆಯೇ ಇತ್ತು.

ಅಷ್ಟರಲ್ಲಿ ಮಧುರಾ ಬೋರ್ಡು ಮಾಡಿಸಿ ಟೆಂಪೋದಲ್ಲಿ ಕಳಿಸಿಬಿಟ್ಟಿದ್ದಳು. ಹಾಲಿನವರು ಇಳಿಸಿಕೊಳ್ಳಲಿಲ್ಲ. ಟೆಂಪೋದವನು ನನ್ನ ಮನೆ ಮೆಟ್ಟಿಲ ಕೆಳಗೆ ಒರಗಿಸಿ ಹೋದ. ಬಾಗಿಲಿಗಿಂತ ಅಗಲ, ಗುಲಾಬಿ ಬಣ್ಣ. ನಾಲ್ಕು ದಿನ ಕೆಳಗಿನ ಮನೆಯವರು ಬೋರ್ಡನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ ಇಡುವುದು, ನಾನು ಆಫೀಸಿನಿಂದ ಬಂದು ಸರಿಯಾಗಿ ತಿರುಗಿಸುವುದು, ಇದೇ ಕವಾಯತು. ಹುಡುಗಿಯರಿಗೆ ಏನು ಹೇಳಲಿ ಎಂದು ತಿಳಿಯದೆ, ಶನಿವಾರ ಬೇವಿನ ಮರದ ಕೆಳಗೆ ಬನ್ನಿ ಎಂದು ಚೀಟಿ ಬರೆಯುತ್ತ ಕೂತಿದ್ದೆ.

ಶುಕ್ರವಾರ ಸಂಜೆ ಲೀಲಮ್ಮ ಬಂದರು. ಈ ಸಲವೂ ಕೂರಲಿಲ್ಲ.

"ನಿಮ್ಮ ಮೇಲೆ ನಂಗೆ ಕೋಪ ಹೋಗಿಲ್ಲ ಊರ್ಮಿಳಾ ಅವ್ರೇ, ಅದು ಬೇರೆ. ನಮ್ಮನೆ ಹಿಂದೆ ಶೆಡ್ ಇದೆ. ಇವ್ರ ಹಳೇ ಸ್ಕೂಟರ್ ಮೂರಿದ್ವು, ತೆಗೆಸ್ದೆ. ಎಷ್ಟು ಗಲಾಟೆ ಮಾಡಿದ್ರು ಅಂದ್ರೆ, ನನ್ನ ತವರಿಗೆ ಕಳಿಸ್ವಾಗ್ಲೂ ಅಷ್ಟು ಸಂಕಟಪಟ್ಟಿರ್ಲಿಲ್ಲ. ಪಕ್ಕದಲ್ಲೇ ಬಾತ್‌ರೂಮು. ನೀರಿದೆ, ಒಳಗಿಂದ ಚಿಲಕ ಇದೆ. ನಾಳೆ ಅಲ್ಲಿಗೆ ಬರೋಕ್ ಹೇಳಿ."

ನಾನು ಏನೋ ಹೇಳಹೋದೆ. ಅವರು ಕೈ ಅಡ್ಡ ಹಿಡಿದರು.

"ಇನ್ನೊಂದು. ಬಾವುಟದ ಕೆಳಗೆ ನಿಲ್ಲಿಸಿ ಕಾರಣ ಕೇಳೋದು ನಮ್ಮನೆಲಿ ನಡೆಯಲ್ಲ."

ಆ ಪದ್ಧತಿ ಈಗ ಇಲ್ಲ ಎಂದೆ. ಹುಡುಗಿಯರು ಅದಕ್ಕೂ ಬೀಜ ಹಾಕಿ ತೆಗೆದಿದ್ದಾರೆ ಜಯಾ, ಬಂದಿದ್ದವರ ಬೀಜವೆಲ್ಲ ಒಂದೇ ಲೋಟಕ್ಕೆ, ಮೇ ಮೊದಲ ವಾರವೇ. ನಿನಗೆ ಬರೆಯಲು ಧೈರ್ಯವಾಗಿರಲಿಲ್ಲ. ನಿನ್ನ ಪದ್ಧತಿ ಎಂದು ನೆನಪಿತ್ತು.

ಮೊನ್ನೆ ಶನಿವಾರ ಇಪ್ಪತ್ತಾರು ಜನ ಬಂದರು. ಸೀಮೆಎಣ್ಣೆ, ಗ್ರೀಸು, ಹಳೇ ಟೈರಿನ ವಾಸನೆ. ಒಂದು ಗೋಡೆಯ ಮೇಲೆ ಇನ್ನೂ ಸ್ಕೂಟರ್ ಕಂಪನಿಯ ಸ್ಟಿಕ್ಕರ್. ಡೇರೆ ಒಳಗೆ ಹಿಡಿಸುವುದಿಲ್ಲ, ಅರ್ಧ ಕವಾಯತು ಹಿತ್ತಲಲ್ಲಿ, ಅಲ್ಲಿ ನುಗ್ಗೆ ಮರದಿಂದ ಕಂಬಳಿಹುಳ ಬೀಳುತ್ತದೆ. ನನಗೆ ತಲೆ ಚಿಟ್ಟು ಹಿಡಿಯಿತು. ಅನು ಅದೇನೂ ಲೆಕ್ಕಕ್ಕಿಲ್ಲದೆ ತನ್ನದೇ ಮನೆಯಲ್ಲಿ ಯಜಮಾನಿಯ ಹಾಗೆ ಎಲ್ಲರನ್ನೂ ಸಾಲು ನಿಲ್ಲಿಸುತ್ತಿದ್ದಳು.

ಬೋರ್ಡನ್ನು ಆರು ಹುಡುಗಿಯರು ಮೆರವಣಿಗೆಯಲ್ಲಿ ಹೊತ್ತು ತಂದರು. ಎಲ್ಲಿ ಹಾಕುವುದು ಎಂದು ನಾನು ಹಿತ್ತಲ ಗೋಡೆ ನೋಡುತ್ತಿದ್ದೆ, ಬಾಳೆಗಿಡಗಳ ಮರೆಯಲ್ಲಿ. ಲೀಲಮ್ಮ ಮುಂಬಾಗಿಲಿಗೆ ಹೋಗಿ ಬೀದಿಯ ಕಡೆಯ ಕಾಂಪೌಂಡ್ ತೋರಿಸಿದರು. ನಿನಗೆ ಆ ಬೀದಿ ನೆನಪಿದೆಯಲ್ಲ, ಮಾರ್ಕೆಟ್ಟಿಗೆ ಹೋಗುವವರು, ಸ್ಟೇಷನ್ನಿಗೆ ಓಡುವವರು, ತಿರುಮಲ ಅವರ ಸ್ಕೂಟರ್, ಎಲ್ಲ ಹಾಯುವುದು ಅಲ್ಲಿಯೇ. "ಇಲ್ಲಿ ಬೇಡ ಲೀಲಮ್ಮ, ಎಲ್ಲರೂ ಓದ್ತಾರೆ" ಎಂದೆ. ನೋಡು, ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ ಬಂದದ್ದು ಅದೇ.

ಲೀಲಮ್ಮ ಮೊಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸ್ಟೂಲು ಹತ್ತಿದ್ದರು. ತೆಗೆದು ಹೇಳಿದರು:

"ಓದ್ಲಿ ಬಿಡಿ. ಎಲ್ಲರಿಗೂ ಓದೋಕ್ ಬರತ್ತೆ ತಾನೇ."

ನಿನ್ನ
ಊರ್ಮಿ